ಬುತ್ತಿಯ ಗಂಟೂ ಕೂಸಿನ ಮಾತೂ

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿದ ಈ ಶುಭಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಆರಂಭದ ತಂಡಗಳಲ್ಲಿ ಕಲಿತ ನನಗೆ ಸಂತೋಷದ ಜೊತೆಗೆ ಸಂಕೋಚವೂ ಆಯಿತು. 1956ರ ರಾಜ್ಯ ಪುನರ್ವಿಂಗಡಣೆ, 1967ರ ಮಹಾಜನ ಆಯೋಗದ ವರದಿ, ಗಡಿನಾಡ ಕನ್ನಡಿಗರ ಪಾಡು ಇವೆಲ್ಲವನ್ನೂ ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲಿ ಬರೆದೇ ಇರುತ್ತಾರೆ. ನಾನು ಬರೆಯಹೊರಟಿರುವುದು ಊಟದ ವಿಷಯ. ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಹೊಲಕ್ಕೂ ಜಾತ್ರೆಗೂ ಹೋಗಿಬರುವ ವಿಷಯ. ಇದು ಸುವರ್ಣ ಮಹೋತ್ಸವಕ್ಕೆ ತಕ್ಕ ವಿಷಯವೇ ಎಂದು ಓದುಗರು ಹುಬ್ಬೇರಿಸಬಹುದು. ಕನ್ನಡ ಶಾಲೆ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಈ ವಿಷಯದಲ್ಲೇ ಅಡಗಿದೆಯೆಂಬುದು ನನ್ನ ಅಭಿಪ್ರಾಯ.

ಒಂದನೆಯ ಇಯತ್ತೆಯ ಬೆಂಚುಗಳು ವರ್ಷದಿಂದ ವರ್ಷಕ್ಕೆ ತೆರವಾಗುತ್ತಿವೆಯೆಂದು ಪಾಲಕರ ಸಭೆಗಳಲ್ಲಿ ಕೇಳುತ್ತೇವೆ. ತಪ್ಪು ಯಾರದೆಂದು ಕೇಳಿದರೆ ಸರಕಾರದ ಕಡೆಗೂ ಆಂಗ್ಲ ಮಾಧ್ಯಮದ ಶಾಲೆಗಳ ಕಡೆಗೂ ಬೆರಳು ಹೋಗುತ್ತದೆ. ಅವರಲ್ಲಿ ತಪ್ಪಿಲ್ಲವೆಂದು ನಾನು ಹೇಳಲಾರೆ. ಆದರೆ ಮಗು ಶಾಲೆಯ ಮೆಟ್ಟಿಲು ಹತ್ತುವುದು ಆರನೆಯ ವರ್ಷಕ್ಕೆ. ಅದಕ್ಕೂ ಮುಂಚಿನ ಆರು ವರ್ಷ ಅದು ಇದ್ದದ್ದು ಯಾರ ಮನೆಯಲ್ಲಿ? ಆ ಕಾಲದಲ್ಲಿ ಪುಸ್ತಕವಿಲ್ಲ, ಪಾಟಿಯಿಲ್ಲ. ಕನ್ನಡ ಆ ಮಗುವನ್ನು ತಲುಪುವುದಾದರೆ ಬಾಯಿಗಿಟ್ಟ ತುತ್ತಿನ ಜೊತೆಗೆ, ತೊಟ್ಟಿಲ ಪಕ್ಕದ ಪದದ ಜೊತೆಗೆ, ಅಮಾವಾಸ್ಯೆ ಹುಣ್ಣಿಮೆಗಳ ಗದ್ದಲದ ಜೊತೆಗೆ ತಲುಪಬೇಕು.

ಇದನ್ನು ಹೇಳುವ ಅಧಿಕಾರ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಾವು ಮಗನನ್ನು ಬೆಳೆಸಿದ್ದು ಪುಣೆಯಲ್ಲಿ. 1990ರ ಸುಮಾರಿಗೆ ಅವನು ಬಾಲವಾಡಿಗೆ ಹೋಗತೊಡಗಿದಾಗ, ಮನೆಯಲ್ಲಿಯೂ ಮರಾಠಿಯನ್ನೇ ಮಾತನಾಡಿರಿ, ಇಲ್ಲದಿದ್ದರೆ ಕೂಸು ಹಿಂದೆ ಬೀಳುತ್ತದೆ ಎಂದು ಅಲ್ಲಿಯ ಬಾಯಿಯವರು ಹೇಳಿದರು. ನಾವು ಎರಡು ಮಾತಿಲ್ಲದೆ ಪಾಲಿಸಿದೆವು. ನಾನೂ ನನ್ನ ಯಜಮಾನರೂ ಕನ್ನಡ ಆಡುತ್ತಿದ್ದುದು ಜಗಳವಾಡುವಾಗ, ಇಲ್ಲವೇ ಮಗನಿಗೆ ತಿಳಿಯಬಾರದ ರೊಕ್ಕದ ವಿಚಾರ ಬಂದಾಗ. ಹೀಗಾಗಿ ಅವನ ಪಾಲಿಗೆ ಕನ್ನಡವೆಂದರೆ ಸಿಟ್ಟಿನ ಮತ್ತು ಗುಟ್ಟಿನ ಭಾಷೆಯಾಯಿತು. ತಾಟಿನಲ್ಲಿದ್ದ ರೊಟ್ಟಿ ಭಾಕರಿಯಾಯಿತು, ಹಿಂಡಿ ಚಟಣಿಯಾಯಿತು; ರುಚಿ ಅದೇ ಇದ್ದುದರಿಂದ ಹೋದದ್ದು ಏನೆಂದು ಯಾರಿಗೂ ತಿಳಿಯಲಿಲ್ಲ.

ಇನ್ನೊಂದು ತಪ್ಪನ್ನೂ ಮಾಡಿದೆವು. ಇದನ್ನು ಪರಊರುಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳೆಲ್ಲ ಮಾಡುತ್ತಿದ್ದಾರೆಂದು ಕಾಣುತ್ತದೆ. ಊರಿಗೆ ಮಕ್ಕಳನ್ನು ಕರೆತರುವುದು ಬರಿಯ ಬೇಸಿಗೆಯ ಸೂಟಿಯಲ್ಲಿ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಸೀಮೆಯ ಮೇ ತಿಂಗಳೆಂದರೆ ಏನೆಂಬುದು ನಮಗೆ ಗೊತ್ತು. ಎರೆಹೊಲ ಬಾಯ್ಬಿಟ್ಟಿರುತ್ತದೆ, ಬಾವಿಯ ತಳ ಕಾಣುತ್ತದೆ, ಮಧ್ಯಾಹ್ನ ಹೊರಗೆ ಹೆಜ್ಜೆಯಿಡುವಂತಿಲ್ಲ. ಅದನ್ನಷ್ಟೇ ಕಂಡ ಕೂಸಿಗೆ ಊರೆಂದರೆ ಬಿಸಿಲು, ಧೂಳು ಮತ್ತು ಇಲ್ಲದ ಕರೆಂಟು. ಈ ನೆಲ ತನ್ನ ಒಳ್ಳೆಯ ಮುಖ ತೋರಿಸುವುದು ಮಾರ್ಗಶಿರದಿಂದ ಮಾಘದವರೆಗೆ. ಆಗ ನಮ್ಮ ಮಕ್ಕಳು ಪುಣೆ ಮುಂಬಯಿಗಳಲ್ಲಿ ಚಾಚಣಿ ಪರೀಕ್ಷೆಗೆ ಕುಳಿತಿರುತ್ತಾರೆ.

ನಮ್ಮ ಮಗ ದೊಡ್ಡವನಾಗಿ, ಮರಾಠಿ ಮನೆತನದ ಹುಡುಗಿಯನ್ನು ಮದುವೆಯಾಗಿ, ಅವರಿಗೊಂದು ಹೆಣ್ಣು ಮಗುವಾದ ಮೇಲೆ ಒಂದು ಚಳಿಗಾಲದಲ್ಲಿ ಅವರೆಲ್ಲ ಪುಣೆಯ ಹೊರವಲಯದ ಒಂದು ತೋಟಕ್ಕೆ ‘ಹುರಡಾ ಪಾರ್ಟಿ’ಗೆ ಹೊರಟರು. ತಲೆಗಿಷ್ಟು ಎಂದು ಹಣ ತೆತ್ತು, ಎತ್ತಿನ ಬಂಡಿಯಲ್ಲಿ ಒಂದು ಸುತ್ತು ಹಾಕಿ, ಸುಟ್ಟ ಎಳೆಜೋಳವನ್ನು ತಿಂದುಬಂದರು. ನಾನೂ ಹೋಗಿದ್ದೆ. ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ ನಮ್ಮ ಮುಂದೆ ಸುರಿದಾಗ, ಅದರ ಹೆಸರು ಸೀತನಿ ಎಂದು ನಾನು ಮೊಮ್ಮಗಳಿಗೆ ಹೇಳಬಹುದಿತ್ತು. ಸುತ್ತ ಇದ್ದವರ ಮುಖ ನೋಡಿ ಸುಮ್ಮನಾದೆ. ಊರಿನಲ್ಲಿ ನನ್ನ ತಮ್ಮ ಬಿತ್ತಿದ ಮಾಲದಂಡಿ ಜೋಳ ಅದೇ ಹೊತ್ತಿಗೆ ಎದೆಯುದ್ದಕ್ಕೆ ನಿಂತಿತ್ತು. ನಮ್ಮದೇ ಹೊಲದ ಊಟವನ್ನು ಪರರ ಹೊಲದಲ್ಲಿ ಕೊಂಡು ತಿಂದ ನಾಚಿಕೆ ಆ ರಾತ್ರಿಯಿಡೀ ನನ್ನನ್ನು ಬಿಡಲಿಲ್ಲ. ಮುಂದಿನ ಎಳ್ಳಮಾವಾಸ್ಯೆಗೆ ಎಲ್ಲರೂ ಊರಿಗೇ ಬರಬೇಕೆಂದು ಹಟ ಹಿಡಿದೆ.

2024ರ ಎಳ್ಳಮಾವಾಸ್ಯೆ ದಶಂಬರ 30ರ ಸೋಮವಾರ ಬಂದಿತ್ತು. ಮಗ ಸೊಸೆಯರಿಬ್ಬರೂ ರಜೆ ಹಾಕಬೇಕಾಯಿತು. ಹಿಂದಿನ ರಾತ್ರಿ ನಮ್ಮ ತವರುಮನೆಯಲ್ಲಿ ಒಲೆ ಆರಲೇ ಇಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಪುಂಡಿಪಲ್ಯ, ಎಣ್ಣೆಗಾಯಿ ಬದನೆ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ. ಭಜ್ಜಿಯ ಮಾತನ್ನು ಬೇರೆಯಾಗಿಯೇ ಹೇಳಬೇಕು: ಹಸಿ ತೊಗರಿ, ಅವರೆ, ಕಡಲೆ, ವಟಾಣಿ, ಮೆಂತ್ಯದ ಸೊಪ್ಪು, ಗಜ್ಜರಿ ಹೀಗೆ ಆ ಋತುವಿನಲ್ಲಿ ಹೊಲ ಕೊಟ್ಟದ್ದೆಲ್ಲ ಒಂದೇ ಪಾತ್ರೆಯಲ್ಲಿ ಬೆಂದು, ಕಡಲೆ ಹಿಟ್ಟು ಮಜ್ಜಿಗೆಗಳಿಂದ ಗಟ್ಟಿಯಾಗುವ ಪಲ್ಯವದು. ಅದರ ಜೊತೆಗೆ ಹಬೆಯಲ್ಲಿ ಬೇಯಿಸಿದ ಹಿಟ್ಟಿನ ಉಂಡಿ, ಕುಡಿಯಲು ಮಣ್ಣಿನ ಕೊಡದಲ್ಲಿ ಹುಳಿಬಂದ ಜೋಳದ ಅಂಬಲಿ. ನಮ್ಮ ಬಾಲ್ಯದಲ್ಲಿ ಬುತ್ತಿಯ ಬುಟ್ಟಿಗಳು ಎತ್ತಿನ ಬಂಡಿಯಲ್ಲಿ ಹೋಗುತ್ತಿದ್ದವು. ಈಗ ಟ್ರ್ಯಾಕ್ಟರಿನಲ್ಲಿ, ಮೋಟಾರಿನಲ್ಲಿ ಹೋಗುತ್ತವೆ. ಇದಕ್ಕಾಗಿ ನಿಟ್ಟುಸಿರು ಬಿಡುವವರಲ್ಲಿ ನಾನಿಲ್ಲ. ಸೊಂಟ ನೋವಿನ ಹೆಂಗಸರಿಗೆ ಮೋಟಾರೇ ವಾಸಿ.

ಹೊಲದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಕಾಳು ಕಟ್ಟುತ್ತಿರುವ ಬೆಳೆಗೆ ಉಡಿ ತುಂಬಿ, ಎಡೆಯ ಅನ್ನವನ್ನು ಹೊಲದ ನಾಲ್ಕೂ ಮೂಲೆಗಳಿಗೆ ಚರಗವೆಂದು ಚೆಲ್ಲುತ್ತಾರೆ. ಒಬ್ಬರು ಚೆಲ್ಲುತ್ತ ಮುಂದೆ ಹೋದರೆ ಹಿಂದಿನವರು ನೀರು ಚಿಮುಕಿಸುತ್ತ ಕೂಗುತ್ತ ಹೋಗಬೇಕು. ನಾಲ್ಕು ವರ್ಷದ ಮೊಮ್ಮಗಳಿಗೆ ಅದೊಂದು ಆಟವೇ ಆಯಿತು. ಅನ್ನ ಚೆಲ್ಲಬಾರದೆಂದು ಪುಣೆಯಲ್ಲಿ ದಿನಾಲು ಬೈಸಿಕೊಳ್ಳುವ ಕೂಸಿಗೆ, ಹಿರಿಯರೇ ಮುಂದೆ ನಿಂತು ಅನ್ನ ಚೆಲ್ಲುವುದನ್ನು ಕಂಡು ಆದ ಆನಂದವನ್ನು ನಾನು ವರ್ಣಿಸಲಾರೆ. ಅವಳು ಕೂಗಿದ ಕೂಗು ಪಕ್ಕದ ಹೊಲದವರಿಗೂ ಕೇಳಿಸಿತು. ಆ ಕೂಗಿನ ಅರ್ಥ ಅವಳಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಗೊತ್ತಿಲ್ಲ.

ಊಟಕ್ಕೆ ಕುಳಿತಾಗ ನಡೆದ ಒಂದು ಪ್ರಸಂಗವನ್ನು ಹೇಳದೆ ಇರಲಾರೆ. ಎಂಬತ್ತು ದಾಟಿದ ನನ್ನ ತಾಯಿ ಮರಿಮಗಳ ಕೈಗೆ ಒಂದು ರೊಟ್ಟಿ ಕೊಟ್ಟು, ನನ್ನನ್ನು ತೋರಿಸಿ, “ಇದನ್ನ ಆಯಿಗಿ ಕೊಡವ್ವಾ” ಎಂದಳು. ನಮ್ಮ ಸೀಮೆಯ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ, ಮರಾಠಿಯಲ್ಲಿ ತಾಯಿ. ಕೂಸು ಓಡಿಹೋಗಿ ರೊಟ್ಟಿಯನ್ನು ತನ್ನ ತಾಯಿಗೆ ಕೊಟ್ಟಿತು. ನನ್ನ ತಾಯಿ ಮತ್ತೊಂದು ರೊಟ್ಟಿ ಕೊಟ್ಟು ಮತ್ತೆ ಹಾಗೆಯೇ ಹೇಳಿದಳು. ಅದೂ ಸೊಸೆಯ ತಾಟಿಗೇ ಹೋಯಿತು. ಮೂರನೆಯ ರೊಟ್ಟಿಗೆ ಎಲ್ಲರೂ ನಕ್ಕರು. ನನ್ನ ತಾಯಿ ಮಾತ್ರ ನಗಲಿಲ್ಲ. “ನನ್ನ ಮಾತು ಈ ಕೂಸಿಗಿ ತಿಳಿಯಂಗಿಲ್ಲೇನ?” ಎಂದು ನನ್ನ ಮುಖ ನೋಡಿದಳು. ಮೂವತ್ತು ವರ್ಷಗಳ ಹಿಂದೆ ಬಾಲವಾಡಿಯ ಬಾಗಿಲಲ್ಲಿ ನಾನು ತಲೆಯಾಡಿಸಿ ಬಂದದ್ದಕ್ಕೆ ಉತ್ತರ ಕೊಡಬೇಕಾಗಿ ಬಂದದ್ದು ಅಲ್ಲಿ, ಆ ಜೋಳದ ನಡುವೆ. ನನ್ನಲ್ಲಿ ಉತ್ತರವಿರಲಿಲ್ಲ.

ಆಗ ಸೊಸೆ ಎದ್ದುಬಂದು ನನ್ನ ತಾಯಿಯ ಪಕ್ಕದಲ್ಲಿ ಕುಳಿತು, ತಾಟಿನಲ್ಲಿದ್ದ ಒಂದೊಂದನ್ನೂ ಬೆರಳಿಟ್ಟು ತೋರಿಸಿ ಅದರ ಹೆಸರು ಕೇಳತೊಡಗಿದಳು. ನನ್ನ ತಾಯಿ ಹೇಳಿದಳು, ಸೊಸೆ ಹೇಳಿದಳು, ಕೂಸು ಹೇಳಿತು. ತಪ್ಪಿದಾಗ ತಾಯಿ ತಿದ್ದಿದಳು. ಸಾಯಂಕಾಲ ತಿರುಗಿ ಬರುವಾಗ ಸೊಸೆ ಆ ಹೆಸರುಗಳನ್ನೆಲ್ಲ ದೇವನಾಗರಿಯಲ್ಲಿ ಬರೆದುಕೊಂಡಿದ್ದಳು. ಹುಟ್ಟಾ ಕನ್ನಡಿಗರಾದ ನಾವಿಬ್ಬರು ಮೂವತ್ತು ವರ್ಷ ಮಾಡದ ಕೆಲಸವನ್ನು ಮರಾಠಿ ಮನೆಯ ಹುಡುಗಿ ಒಂದು ಮಧ್ಯಾಹ್ನದಲ್ಲಿ ಮಾಡಿದಳು. ಕನ್ನಡಕ್ಕೆ ಕುತ್ತು ಮರಾಠಿಯಿಂದ ಬಂದಿದೆಯೆಂದು ಸಭೆಗಳಲ್ಲಿ ಯಾರಾದರೂ ಆವೇಶದಿಂದ ಹೇಳಿದಾಗ ನನಗೆ ಆ ತಾಟು ನೆನಪಾಗುತ್ತದೆ.

ಈ ನೆಲದಲ್ಲಿ ಎರಡು ಭಾಷೆಗಳು ಒಂದೇ ಅಂಗಳದಲ್ಲಿ ಆಡಿಕೊಂಡು ಬೆಳೆದಿವೆ. ಸಂಕ್ರಾಂತಿಯ ದಿನಗಳಲ್ಲಿ ಸಣ್ಣ ಮಕ್ಕಳ ತಲೆಯ ಮೇಲೆ ಬಾರಿಹಣ್ಣು, ಕಬ್ಬಿನ ತುಂಡು, ಚುರುಮುರಿ ಸುರಿಯುವುದನ್ನು ಮರಾಠಿಯವರು ಬೋರನ್ಹಾಣ ಎನ್ನುತ್ತಾರೆ, ನಾವು ಕರಿ ಎರೆಯುವುದು ಎನ್ನುತ್ತೇವೆ. ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುವುದು ಎರಡೂ ಕಡೆ ಒಂದೇ. ಮರಾಠಿಯವರ ಅಕ್ಕ ಅಣ್ಣಂದಿರೂ ನಮ್ಮವರೇ. ಅದೇ ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರರ ಗಡ್ಡೆಯ ಜಾತ್ರೆಯಲ್ಲಿ ನಂದಿಕೋಲುಗಳು ಹೊರಟಾಗ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತ ತಂದೆಯಂದಿರಲ್ಲಿ ಯಾರ ಮನೆಮಾತು ಯಾವುದೆಂದು ಹೇಳಲಾಗುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಆ ಊರಿನಲ್ಲಿ ಕೆರೆ ಕಟ್ಟಿಸಿದ ಶರಣರು ವಚನಗಳನ್ನು ಬರೆದದ್ದು ಕನ್ನಡದಲ್ಲಿ ಎಂಬ ಒಂದು ಮಾತನ್ನು ಆ ಹೆಗಲ ಮೇಲಿನ ಕೂಸಿಗೆ ಹೇಳಿದರೆ ಸಾಕು.

ಮಕ್ಕಳಿಗೆ ಇಷ್ಟೊಂದು ಭಾಷೆಗಳಿಂದ ಗೊಂದಲವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸೊಲ್ಲಾಪುರದ ಸಂತೆಯಲ್ಲಿ ಕಾಯಿಪಲ್ಯ ಮಾರುವ ಹೆಂಗಸನ್ನು ನೋಡಲಿ. ಅವಳು ಕನ್ನಡ, ಮರಾಠಿ, ತೆಲುಗು, ಹಿಂದಿ ನಾಲ್ಕರಲ್ಲೂ ತೂಕ ಹೇಳುತ್ತಾಳೆ; ನಾಲ್ಕರಲ್ಲೂ ಲೆಕ್ಕ ತಪ್ಪುವುದಿಲ್ಲ. ಮರಾಠಿ ಬಾರದೆ ಹೋದೀತೆಂಬ ಭಯವಂತೂ ಆಧಾರವಿಲ್ಲದ್ದು. ನಮ್ಮ ಶಾಲೆ ಮೊದಲಿನಿಂದಲೂ ಮರಾಠಿಯನ್ನು ಕಲಿಸಿದೆ; 2020ರ ಕಾಯಿದೆ ಬಂದ ಮೇಲಂತೂ ಮಹಾರಾಷ್ಟ್ರದ ಎಲ್ಲ ಮಾಧ್ಯಮದ ಶಾಲೆಗಳಿಗೂ ಅದು ಕಡ್ಡಾಯ. ಮರಾಠಿಯನ್ನು ಓಣಿ ಕಲಿಸುತ್ತದೆ, ಇಂಗ್ಲಿಷನ್ನು ಪೇಟೆ ಕಲಿಸುತ್ತದೆ. ಕನ್ನಡವನ್ನು ಕಲಿಸಲು ಮನೆಯ ಹೊರತು ಇರುವುದು ಈ ಒಂದು ಶಾಲೆ.

ಇನ್ನು ಶಾಲೆಯ ಆಡಳಿತ ಮಂಡಳಿಗೆ ಒಂದು ವಿನಂತಿ. ಮುಖ್ಯಾಧ್ಯಾಪಕರ ಅಧಿಕಾರದಲ್ಲಿರುವ ಸ್ಥಳೀಯ ರಜೆಗಳಲ್ಲಿ ಒಂದನ್ನು ಎಳ್ಳಮಾವಾಸ್ಯೆಗೆ ಕಾಯಂ ಆಗಿ ಮೀಸಲಿಡಬೇಕು. ಲಾತೂರ ಜಿಲ್ಲೆಯಲ್ಲಿ ಈ ಹಬ್ಬಕ್ಕೆ ಸ್ಥಳೀಯ ರಜೆ ಕೊಡುವ ರೂಢಿ ಇದ್ದೇ ಇದೆ. ಆ ದಿನ ಶಾಲೆಯ ಹೆಸರಿನಲ್ಲಿ ಯಾರದಾದರೂ ಒಂದು ಹೊಲದಲ್ಲಿ ಚರಗವಾಗಲಿ. ಪರಊರಿನ ಹಳೆಯ ವಿದ್ಯಾರ್ಥಿಗಳು, ಇನ್ನೂ ಶಾಲೆಗೆ ಸೇರದ ತಮ್ಮ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ಬರಲಿ. ದಯವಿಟ್ಟು ಅದನ್ನು ‘ಆಹಾರ ಮೇಳ’ ಮಾಡಬೇಡಿ. ವೇದಿಕೆ, ಅಧ್ಯಕ್ಷರು, ಪಾಕಸ್ಪರ್ಧೆಗೆ ಪ್ರಥಮ ದ್ವಿತೀಯ ಬಹುಮಾನ, ರಿಬ್ಬನ್ ಕತ್ತರಿಸುವುದು ಇವು ಬಂದೊಡನೆ ಮಕ್ಕಳು ಹಿಂದಿನ ಸಾಲಿಗೆ ಹೋಗಿಬಿಡುತ್ತಾರೆ. ಭಾಷಣ ಮುಗಿಯುವಷ್ಟರಲ್ಲಿ ರೊಟ್ಟಿಯೂ ಮೆತ್ತಗಾಗಿರುತ್ತದೆ. ಮುದುಕಿಯರ ನಡುವೆ ಮಕ್ಕಳನ್ನು ಕೂರಿಸಿ, ಉಣ್ಣಿಸಲು ಬಿಟ್ಟರೆ ಆಯಿತು.

ಹುಟ್ಟುಹಬ್ಬದ ಕೇಕು ಬೇಡವೆಂದು ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲಿಯೂ ಕತ್ತರಿಸುತ್ತೇವೆ, ನಾನೂ ತಿನ್ನುತ್ತೇನೆ. ಆದರೆ ಕೇಕಿನ ದಿನ ಮಗು ಕಲಿಯುವ ಕನ್ನಡ ಪದ ಒಂದೂ ಇಲ್ಲ. ಆ ಹೊಲದ ದಿನ ನಮ್ಮ ಕೂಸು ಕಲಿತದ್ದನ್ನು ಸೊಸೆಯ ಕಾಗದದಲ್ಲಿ ಎಣಿಸಿದರೆ ಹದಿನೇಳು ಇದ್ದವು.

ಅಂದಿನಿಂದ ನನ್ನ ತಾಯಿ ರಾತ್ರಿ ಎಂಟಕ್ಕೆ ಪುಣೆಗೆ ಫೋನು ಮಾಡಿಸುತ್ತಾಳೆ. ಮೊದಲ ವಾರ ನಡೆದ ಮಾತಿದು. “ಉಂಡಿ ಏನವ್ವಾ?” ಎಂದು ಅವಳು ಊಟವಾಯಿತೇ ಎಂಬರ್ಥದಲ್ಲಿ ಕೇಳಿದಳು. ಕೂಸಿಗೆ ಗೊತ್ತಿದ್ದ ಉಂಡಿ ಭಜ್ಜಿಯ ಜೊತೆಗಿನ ಉಂಡಿ. ಅದು ಗಂಭೀರವಾಗಿ, “ನಾಹೀ, ಉಂಡಿ ಸಂಪಲೀ” ಎಂದಿತು. ಉಂಡಿ ತೀರಿಹೋಯಿತೆಂದು ಅದರ ಅರ್ಥವೆಂದು ನನ್ನ ತಮ್ಮ ಪಕ್ಕದಿಂದ ತಿಳಿಸಿದ ಮೇಲೆ ಮುದುಕಿ ನಕ್ಕದ್ದು ನಮಗೆ ಫೋನಿನಲ್ಲಿ ಕೇಳಿಸಿತು. “ಮತ್ತ ಮಾಡ್ತೀನಿ, ಬರ್‍ರಿ” ಎಂದಳು.