ಹಗ್ಗ ಒಳಗೆ ಬಂತು

ಸಹೋದರಿಯರೇ, ನಿಮ್ಮ ಮನೆಯ ಬಟ್ಟೆ ಒಣಗಿತೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ನಾವು ಪರಸ್ಪರ ಕ್ಷೇಮ ವಿಚಾರಿಸುವುದೇ ಹೀಗೆ. ನಮ್ಮ ಮನೆಯ ಹಗ್ಗ ಅಂಗಳದಿಂದ ಜಗಲಿಗೆ, ಜಗಲಿಯಿಂದ ಒಳಗೆ ಬಂದು ಈಗ ಊಟದ ಮೇಜಿನ ಮೇಲೆ ತೂಗುತ್ತಿದೆ. ಬಂದ ನೆಂಟರೆಲ್ಲ ತಲೆ ಬಗ್ಗಿಸಿಯೇ ದಾಟಬೇಕು. (ನನಗೆ ಸಿಗುವ ಗೌರವ ಅಷ್ಟೇ!) ಬಚ್ಚಲ ಒಲೆಯ ಮೇಲೆ ಒಣಗಿಸಿದ ಯೂನಿಫಾರ್ಮ್ ತೊಟ್ಟು ಹೋದ ಮಗನಲ್ಲಿ ಟೀಚರ್, "ಮನೆಯಲ್ಲಿ ಒಣಮೀನು ಸುಟ್ಟಿದ್ದಾ?" ಎಂದು ಕೇಳಿದರಂತೆ.

ಮೊನ್ನೆ ಇವರು, "ಹೊರಗೆ ಮಳೆ, ನಿನಗೆ ಆರಾಮ" ಎಂದರು. ನಾನಾಗ ಇವರದೇ ಪ್ಯಾಂಟನ್ನು ಮೂರನೇ ಸಲ ಮಗುಚಿ ಹಾಕುತ್ತಿದ್ದೆ. ಜನರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತಾರೆಂದು 2024ರಲ್ಲಿ ಕೇಂದ್ರ ಸರಕಾರ ಲೆಕ್ಕ ಹಾಕಿಸಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರದು ದಿನಕ್ಕೆ ಸರಾಸರಿ 289 ನಿಮಿಷ, ಗಂಡಸರದು 88. ಅದನ್ನು ಹೇಳಿದೆ. ಇವರು ಸ್ವಲ್ಪ ಹೊತ್ತು ಯೋಚಿಸಿ, "88 ನಿಮಿಷ ಮಾಡುವವ ಯಾರಪ್ಪಾ ಅದು?" ಎಂದರು.

ನಗು ಬಂತು, ಸಿಟ್ಟೂ ಬಂತು. ಮರುದಿನ ಬೆಳಿಗ್ಗೆ ನೋಡಿದರೆ ಫ್ಯಾನಿನಡಿ ಇವರೇ ಕಾಲುಚೀಲ ಹರಡಿಟ್ಟಿದ್ದರು. ಒಂದು ಕಾಲಿನದ್ದು ಮಾತ್ರ. ಇನ್ನೊಂದನ್ನು ಈಗಲೂ ಹುಡುಕುತ್ತಿದ್ದೇನೆ.