ಹಳೆಯ ರೈಲು ಸೇತುವೆ: ಗುಜರಿಗೋ, ನಡಿಗೆಗೋ?

ರಾಜಮಹೇಂದ್ರವರಂನ ಗೋದಾವರಿ ನದಿಯ ಮೇಲಿರುವ ಹ್ಯಾವ್‌ಲಾಕ್ ಸೇತುವೆಯನ್ನು ಸಾರ್ವಜನಿಕ ವಿಹಾರತಾಣವಾಗಿ ರೂಪಿಸುವ ಕಾರ್ಯಕ್ಕೆ 2025ರ ಜೂನ್‌ನಲ್ಲಿ ಶಂಕುಸ್ಥಾಪನೆ ನೆರವೇರಿತು. 1900ರಲ್ಲಿ ತೆರೆದ 56 ಅಂಕಣಗಳ ಈ ಸೇತುವೆಯ ಮೇಲೆ ರೈಲು ನಿಂತದ್ದು 1997ರಲ್ಲಿ. ಯೋಜನೆಯು ಕಲ್ಲು ಇಡುವ ಹಂತ ತಲುಪಲು 28 ವರ್ಷ ಹಿಡಿಯಿತು. ಅಷ್ಟು ಕಾಲ ಸೇತುವೆ ಗುಜರಿಗೆ ಹೋಗದೆ ಉಳಿದದ್ದೇ ಹೆಚ್ಚು.

ತಾಯಲೂರು ಹೋಬಳಿಯ ಜನರಿಗೆ ಇದು ದೂರದ ಸುದ್ದಿ ಎನಿಸಬಹುದು. ಮುಳಬಾಗಿಲು ತಾಲ್ಲೂಕಿನಲ್ಲಿ ರೈಲು ಮಾರ್ಗವೇ ಇಲ್ಲ. ರೈಲು ಹತ್ತಬೇಕಾದವರು ಕೋಲಾರಕ್ಕೋ ಬಂಗಾರಪೇಟೆಗೋ ಬಸ್ಸಿನಲ್ಲಿ ಹೋಗಬೇಕು. ಹೊಸ ರೈಲೇ ಬಾರದ ಊರಿನಲ್ಲಿ ಹಳೆಯ ಸೇತುವೆಯ ಮಾತೇಕೆ ಎಂಬ ಪ್ರಶ್ನೆ ಸಹಜ. ಆದರೆ ಇದೇ ಜಿಲ್ಲೆ ಒಂದು ರೈಲು ಪರಂಪರೆಯನ್ನು ಸದ್ದಿಲ್ಲದೆ ಕಳೆದುಕೊಂಡಿದೆ.

ಬಂಗಾರಪೇಟೆ–ಕೋಲಾರ ನ್ಯಾರೋಗೇಜ್ ಮಾರ್ಗ ಆರಂಭವಾದದ್ದು 1913ರಲ್ಲಿ. ಮುಂದೆ ಅದು ಚಿಕ್ಕಬಳ್ಳಾಪುರ, ಯಲಹಂಕಗಳ ಮೂಲಕ ಬೆಂಗಳೂರನ್ನು ಮುಟ್ಟಿತು. ಹಳಿಗಳ ನಡುವಿನ ಅಗಲ ಕೇವಲ ಎರಡೂವರೆ ಅಡಿ. ಹಂತ ಹಂತವಾಗಿ ಮಾರ್ಗ ಬ್ರಾಡ್‌ಗೇಜ್ ಆಯಿತು. ಕೋಲಾರ–ಚಿಕ್ಕಬಳ್ಳಾಪುರ ಭಾಗದಲ್ಲಿ 2013ರಲ್ಲಿ ಹೊಸ ಹಳಿಯ ಮೇಲೆ ರೈಲು ಓಡಿತು. ಪುಟ್ಟ ಗಾಡಿಗೆಂದು ಕಟ್ಟಿದ ಸೇತುವೆ ಬ್ರಾಡ್‌ಗೇಜ್ ಎಂಜಿನ್ನಿನ ಭಾರ ತಾಳುವಂಥದಲ್ಲ. ಆದರೆ ಮನುಷ್ಯರ, ಸೈಕಲ್ಲುಗಳ ಭಾರ ಅದಕ್ಕೆ ಯಾವ ಲೆಕ್ಕ? ಪರಿವರ್ತನೆಯ ಚರ್ಚೆಯಲ್ಲಿ ವೇಗ, ಬೋಗಿ, ವೇಳಾಪಟ್ಟಿಗಳದ್ದೇ ಮಾತು. ಇದೇ ಹಳೆಯ ಮಾರ್ಗದ ದೊಡ್ಡಜಾಲ, ನಂದಿ ಹಾಲ್ಟ್ ನಿಲ್ದಾಣ ಕಟ್ಟಡಗಳತ್ತ ಇನ್‌ಟ್ಯಾಕ್ ಸಂಸ್ಥೆ ಗಮನ ಹರಿಸಿದ್ದು ತೀರ ಈಚೆಗೆ.

ಇಂಥ ನಡಿಗೆಗೆ ಜನ ಬರುವರೇ ಎಂಬ ಶಂಕೆಗೆ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟ ಉತ್ತರ ಕೊಟ್ಟಾಗಿದೆ. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆಗಳ ಈ ಮಾರ್ಗ 1996ರ ನಂತರ ಗೇಜ್ ಪರಿವರ್ತನೆಗಾಗಿ ವರ್ಷಗಟ್ಟಲೆ ಮುಚ್ಚಿತ್ತು. ಆಗ ಚಾರಣಿಗರು ಬೆನ್ನಿಗೆ ಚೀಲ ಕಟ್ಟಿಕೊಂಡು ಹಳಿಯುದ್ದಕ್ಕೂ ನಡೆದರು. ತಡೆಗಂಬಿಯಿಲ್ಲದ ಸೇತುವೆ, ಕೆಳಗೆ ಕಂದರ, ಆದರೂ ಬಂದರು. ರೈಲು ಮರಳಿದ ಮೇಲೂ ಕೆಲವರು ನಡಿಗೆ ಬಿಡದೆ ಪ್ರಾಣಕ್ಕೆ ಎರವಾಗುವ ಸಾಹಸಕ್ಕಿಳಿದರು. ಓಡುವ ರೈಲಿನ ಸೇತುವೆಯಿಂದ ಜನರನ್ನು ದೂರವಿಡಬೇಕೆಂಬ ರೈಲ್ವೆಯ ನಿಲುವು ಸರಿಯಾದದ್ದೇ. ಅದಕ್ಕೇ ಓಡದ ಸೇತುವೆಯನ್ನು ಜನರಿಗೆ ಬಿಡಬೇಕು.

ತೊಡಕಿರುವುದು ಎಂಜಿನಿಯರಿಂಗ್‌ನಲ್ಲಲ್ಲ, ಒಡೆತನದಲ್ಲಿ. ಸೇತುವೆ ರೈಲ್ವೆಯದು, ಹೊಳೆ ರಾಜ್ಯದ್ದು, ದಡದ ದಾರಿ ಪಂಚಾಯಿತಿಯದು. ರೈಲ್ವೆಯ ಕಡತದಲ್ಲಿ ನಿಂತ ಸೇತುವೆ ಎಂದರೆ ಇಷ್ಟು ಟನ್ ಉಕ್ಕು. ಹರಾಜಿನಿಂದ ಹಣ ಬರುತ್ತದೆ, ಹಸ್ತಾಂತರದಿಂದ ಹೊಣೆಯಷ್ಟೇ ಉಳಿಯುತ್ತದೆ. ಹಲಗೆ ಹಾಸಿ ಕಂಬಿ ಕಟ್ಟುವುದು ಒಂದು ಸಲದ ವೆಚ್ಚ. ತುಕ್ಕು ಹಿಡಿಯದಂತೆ ಬಣ್ಣ ಬಳಿಯುವುದು ಎಂದೆಂದಿನದು, ಅದನ್ನು ಗ್ರಾಮ ಪಂಚಾಯಿತಿಯ ತಲೆಗೆ ಕಟ್ಟಿದರೆ ಐದು ವರ್ಷದಲ್ಲಿ ಬೀಗ ಬೀಳುತ್ತದೆ. ಅಮೆರಿಕದ ಹಡ್ಸನ್ ನದಿಯ ರೈಲು ಸೇತುವೆ 1974ರ ಬೆಂಕಿಯ ನಂತರ ಪಾಳುಬಿದ್ದಿತ್ತು. ನಾಗರಿಕರ ಸಂಘ 1992ರಿಂದ ಬೆನ್ನು ಹತ್ತಿ 2009ರಲ್ಲಿ ಅದನ್ನು ಎರಡು ಕಿಲೋಮೀಟರ್ ಉದ್ದದ ಕಾಲುದಾರಿಯಾಗಿಸಿತು. ಅಲ್ಲಿ ನಿರ್ವಹಣೆಗೆ ರಾಜ್ಯದ ಉದ್ಯಾನ ಇಲಾಖೆ ಹೆಗಲು ಕೊಟ್ಟಿದೆ.

ರಾಜ್ಯದಲ್ಲಿ ಜೋಡಿಹಳಿ ಕಾಮಗಾರಿ ನಡೆಯುವೆಡೆ ಹಳೆಯ ಸೇತುವೆಗಳ ಬದಲಿಗೆ ಹೊಸವು ಏಳುತ್ತವೆ. ಹಳೆಯದನ್ನು ಕೇಳಬೇಕಾದದ್ದು ಹರಾಜಿನ ಪ್ರಕಟಣೆ ಬಂದ ಮೇಲಲ್ಲ, ಹೊಸದರ ಅಂದಾಜುಪಟ್ಟಿ ಸಿದ್ಧವಾಗುವಾಗಲೇ. ಆ ಪತ್ರವನ್ನು ಜಿಲ್ಲಾಧಿಕಾರಿ ಬರೆಯಬಹುದು, ಸಂಸದರು ಬರೆಯಬಹುದು.