ಚಲಚ್ಚಿತ್ರದ ಹೆಸರು, ಆಟದ ಹಣೆಬರಹ

ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಟೊಯೊಟಾ ಕಾರುಗಳು ತಯಾರಾಗುವುದನ್ನು ವಾಚಕರು ಬಲ್ಲರು. ಟೊಯೊಟಾ ಪದ್ಧತಿಯ ಒಂದು ನಿಯಮ ವಿದ್ಯಾರ್ಥಿಗಳು ಗಮನಿಸತಕ್ಕದ್ದು: ದೋಷ ಕಂಡೊಡನೆ ಸಾಮಾನ್ಯ ಕೆಲಸಗಾರನೂ ಎಚ್ಚರಿಕೆಯ ಹಗ್ಗವನ್ನೆಳೆದು ಕೆಲಸದ ಸಾಲನ್ನೇ ನಿಲ್ಲಿಸಬಹುದು. ಪ್ರಸಿದ್ಧ ಚಲಚ್ಚಿತ್ರಗಳನ್ನಾಧರಿಸಿ ಹೊರಟ ಹಳೆಯ ವಿಡಿಯೋ ಆಟಗಳಲ್ಲಿ ಹಲವು ಕೆಟ್ಟುದು ಈ ಹಗ್ಗವಿಲ್ಲದೆಯೇ ಎಂದು ನನ್ನ ಅಭಿಪ್ರಾಯ.

1982ರ ಜೂನ್ ತಿಂಗಳಲ್ಲಿ ಸ್ಪೀಲ್‌ಬರ್ಗ್‌ರವರ ‘ಇ.ಟಿ.’ ಚಿತ್ರ ತೆರೆಕಂಡಿತು. ಅದನ್ನು ಆಟವಾಗಿಸುವ ಹಕ್ಕು ಅಮೆರಿಕದ ಅಟಾರಿ ಸಂಸ್ಥೆಯ ಕೈಸೇರುವ ವೇಳೆಗೆ ಜುಲೈ ಮುಗಿಯುತ್ತ ಬಂದಿದ್ದಿತು. ಕ್ರಿಸ್‌ಮಸ್ ವ್ಯಾಪಾರಕ್ಕೆ ಸರಕು ಅಂಗಡಿ ಸೇರಲೇಬೇಕು! ಹವರ್ಡ್ ಸ್ಕಾಟ್ ವಾರ್‌ಷಾ ಎಂಬ ತಜ್ಞರಿಗೆ ದೊರೆತ ಕಾಲ ಸುಮಾರು 5 ವಾರ; ಅಂಥ ಆಟಕ್ಕೆ ಸಾಮಾನ್ಯವಾಗಿ ಹಲವು ತಿಂಗಳು ಹಿಡಿಯುತ್ತಿದ್ದಿತು.

ಯಂತ್ರವಾದರೂ ಎಂಥದು? ಅಟಾರಿ 2600ರ ಕಾರ್ಯಸ್ಮೃತಿ ಕೇವಲ 128 ಬೈಟ್. ಇಂದಿನ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ, ಈ ಒಂದು ವಾಕ್ಯವೂ ಅದರಲ್ಲಿ ಹಿಡಿಸಲಾರದು. ಪರದೆಯ ಇಡೀ ಚಿತ್ರವನ್ನು ಕೂಡಿಡಲು ಸ್ಥಳವಿಲ್ಲ, ಟಿ.ವಿ.ಯ ಇಲೆಕ್ಟ್ರಾನ್ ಕಿರಣವು ಗೆರೆಯ ಮೇಲೆ ಗೆರೆ ಎಳೆಯುತ್ತಿರುವಾಗಲೇ ಯಂತ್ರವು ಆಯಾ ಗೆರೆಯ ವಿವರವನ್ನು ಒದಗಿಸಬೇಕು. ಎರಡು ಆಕೃತಿಗಳ ಬಿಂದುಗಳು ಒಂದನ್ನೊಂದು ತಾಗಿದುವೆ, ಇಲ್ಲವೆ ಎಂಬಷ್ಟನ್ನು ಮಾತ್ರ ಅದು ತಿಳಿಸಬಲ್ಲದು. ಆದುದರಿಂದ ಇ.ಟಿ.ಯ ಕಾಲು ಗಟ್ಟಿ ನೆಲದ ಮೇಲೆಯೇ ಇದ್ದರೂ, ತಲೆಯ ಒಂದು ಬಿಂದು ಹಳ್ಳದ ಚಿತ್ರಕ್ಕೆ ತಾಗಿದರೆ ಸಾಕು, ಬಡಪಾಯಿ ಒಳಗೆ ಬೀಳುತ್ತಿದ್ದನು! ಆಡುವವರ ಬೇಸರಕ್ಕೆ ಇದೊಂದು ದೊಡ್ಡ ಕಾರಣ. ತಿದ್ದಲಾಗದ ದೋಷವೇನೂ ಅಲ್ಲ. ದಶಕಗಳ ಬಳಿಕ ಹವ್ಯಾಸಿಗಳು ತಿದ್ದಿ ತೋರಿಸಿದ್ದಾರೆ. 1982ರಲ್ಲಿ ಅದಕ್ಕೆ ಬಿಡುವಿರಲಿಲ್ಲ, ಅಷ್ಟೆ.

ಮಾರಾಟವಾಗದ ಸರಕನ್ನು 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮೊಗಾರ್ಡೊ ಎಂಬಲ್ಲಿ ಕಸದೊಡನೆ ಹೂಳಿದರು. 2014ರಲ್ಲಿ ಅಗೆದು ನೋಡಿದಾಗ ಇ.ಟಿ. ಮತ್ತೆ ಬೆಳಕು ಕಂಡನು. ಅಮೆರಿಕದ ಆಟದ ಉದ್ಯಮವನ್ನು ಈ ಒಂದು ಆಟವೇ ಮುಳುಗಿಸಿತೆಂದು ಹೇಳುವವರುಂಟು. ಅದು ಅನ್ಯಾಯದ ಮಾತು. ಇದೇ ವಾರ್‌ಷಾ, ಸಾಕಷ್ಟು ಸಮಯ ಸಿಕ್ಕಾಗ, ‘ಯಾರ್ಸ್ ರಿವೆಂಜ್’ನಂಥ ಸೊಗಸಾದ ಆಟವನ್ನು ರಚಿಸಿದವರು. ಜೇಮ್ಸ್ ಬಾಂಡನ ‘ಗೋಲ್ಡನ್‌ಐ’ ಚಿತ್ರ 1995ರದು. ಅದರ ಆಟ ಹೊರಬಂದುದು 1997ರಲ್ಲಿ. ಚಿತ್ರದ ಕಾವು ಆರಿದ್ದಿತು, ಆದರೂ ಜನ ಅದನ್ನು ಮುಗಿಬಿದ್ದು ಕೊಂಡರು.

‘ಶೋಲೆ’ (1975) ಚಿತ್ರಿತವಾದ ರಾಮನಗರದ ಬಂಡೆಗಳು ಬಿಡದಿಗೆ ನೆರೆಯವೇ. ಅದನ್ನು ಹಳೆಯ ಧಾಟಿಯ ಆಟವಾಗಿಸಲು ಇಲ್ಲಿಯ ವಿದ್ಯಾರ್ಥಿಯೊಬ್ಬನು ಮನಸ್ಸು ಮಾಡಿದನೆನ್ನಿ. ಬಂಡೆಯ ಅಂಚಿನಲ್ಲಿ ನಿಂತವನು ಕಾಲು ಜಾರಿದಾಗ ಮಾತ್ರ ಬೀಳುವಂತೆ ಅವನು ಮೊದಲು ನೋಡಿಕೊಳ್ಳಲಿ. ಗಬ್ಬರ್‌ಸಿಂಗನ ಮಾತುಗಳು ಆಮೇಲೆ ಬಂದಾವು.